ಬೆಳವಣಿಗೆ ಹಾರ್ಮೋನ್ ಪೆನ್: ಔಷಧಿ ಒಳ್ಳೆಯದು, ಕೆಡದಂತೆ ಕಾಯುವುದೇ ಕಷ್ಟ

ಮಗಳಿಗೆ ಸೊಮಾಟ್ರೋಪಿನ್, ಅಂದರೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾ ಮೂರು ವರ್ಷ ಆಯಿತು. ಔಷಧಿ ಕೆಲಸ ಮಾಡುತ್ತದೆ. ಶಾಲೆಗೆ ಹೋಗುವ ವಯಸ್ಸಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5-6 ಸೆಂಟಿಮೀಟರ್ ಬೆಳೆಯುತ್ತಾರೆ. ಇವಳು 4 ಕೂಡ ಮುಟ್ಟುತ್ತಿರಲಿಲ್ಲ. ಶುರು ಮಾಡಿದ ಮೊದಲ ವರ್ಷ 9 ಬೆಳೆದಳು. ಆಮೇಲೆ ವೇಗ ಇಳಿಯಿತು. ಹೆಚ್ಚಿನ ಮಕ್ಕಳಲ್ಲಿ ಹೀಗೇ ಆಗುತ್ತದಂತೆ, ಗಾಬರಿ ಬೇಡ.

ನಿಜವಾದ ತಲೆನೋವು ತಂಪಿನದು. ಇದನ್ನು ಚುಚ್ಚುವ ಪೆನ್ನಿನ ಕಾರ್ಟ್ರಿಜ್ (ಔಷಧಿ ತುಂಬಿದ ಕೊಳವೆ) 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೆಪ್ಪುಗಟ್ಟಿದರೂ ಕೆಟ್ಟಿತು. ದಾವಣಗೆರೆ ಬೇಸಿಗೆ ಗೊತ್ತಲ್ಲ, ಜೊತೆಗೆ ಕರೆಂಟ್ ಹೋದರೆ ಮುಗಿಯಿತು. ಒಂದು ಮೆಡಿಕಲ್ ಶಾಪಿನವರು ಏಪ್ರಿಲ್ ಮಧ್ಯಾಹ್ನ ಬರೀ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರು. ಅಲ್ಲೇ ವಾಪಸ್ ಕೊಟ್ಟೆ. ಈಗ ನಾನೇ ಐಸ್ ಪ್ಯಾಕ್ ಇಟ್ಟ ಡಬ್ಬಿ ಒಯ್ಯುತ್ತೇನೆ. ಔಷಧಿಗೆ ಐಸ್ ತಾಗದಂತೆ ಮಧ್ಯೆ ಬಟ್ಟೆ ಸುತ್ತಿರುತ್ತೇನೆ. ನಾಯಕನಹಟ್ಟಿ ಜಾತ್ರೆಗೆ ಹೋದರೂ ಆ ಡಬ್ಬಿ ಜೊತೆಗೇ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಫ್ರೀಜರ್‌ಗೆ ಅಂಟಿಸಿಯೂ ಇಡಬೇಡಿ.

ಚುಚ್ಚುವುದು ರಾತ್ರಿ ಮಲಗುವ ಮುಂಚೆ. ಸೂಜಿ ಕೂದಲಿನಷ್ಟು ಸಣ್ಣ. ತೊಡೆ, ಹೊಟ್ಟೆ, ಪಿರ್ರೆ ಅಂತ ಜಾಗ ಬದಲಿಸುತ್ತಿರಬೇಕು. ಒಂದೇ ಕಡೆ ಚುಚ್ಚಿದರೆ ಅಲ್ಲಿ ಕೊಬ್ಬು ಕರಗಿ ಗುಳಿ ಬೀಳಬಹುದು. ತುಂಬಾ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮಗು ಕುಂಟಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

"ನಮ್ಮ ವಂಶದಲ್ಲೇ ಎಲ್ಲರೂ ಕುಳ್ಳಗೆ, ಸುಮ್ನೆ ಯಾಕೆ ಮಗೀಗೆ ಚುಚ್ತೀಯ?" ಅಂತ ಅತ್ತೆ ಬೈದರು. ಪ್ರಶ್ನೆ ಸರಿಯೇ ಇತ್ತು. ಅದಕ್ಕೇ ಮೊದಲು ಪರೀಕ್ಷೆ. ಮೂಳೆ ವಯಸ್ಸು (ಮೂಳೆ ಎಷ್ಟು ಬಲಿತಿದೆ) ನೋಡಲು ಎಡಗೈ ಎಕ್ಸ್-ರೇ, ಥೈರಾಯ್ಡ್, ಐಜಿಎಫ್-1 (ಬೆಳವಣಿಗೆ ಹಾರ್ಮೋನಿನ ಪ್ರಭಾವ ತೋರಿಸುವ ರಕ್ತ ಪರೀಕ್ಷೆ), ಆಮೇಲೆ ದೇಹ ಹಾರ್ಮೋನ್ ಎಷ್ಟು ಬಿಡುತ್ತದೆ ಅಂತ ನೋಡಲು ಖಾಲಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂರಿಸಿ ಮತ್ತೆ ಮತ್ತೆ ರಕ್ತ ತೆಗೆಯುವ ಪರೀಕ್ಷೆ. ಹಾರ್ಮೋನ್ ಬಿಡುವಂತೆ ಮಾಡಲು ಕೊಟ್ಟ ಕ್ಲೋನಿಡಿನ್ ಮಾತ್ರೆಯಿಂದ ಮಗಳು ಸಂಜೆವರೆಗೂ ತೂಕಡಿಸಿದಳು. ಇಷ್ಟೆಲ್ಲ ಮಾಡಿಸದೆ ಬರೆದುಕೊಡುವವರಿದ್ದರೆ ಎದ್ದು ಬನ್ನಿ.

ಖರ್ಚು ಜಾಸ್ತಿ. ಡೋಸ್ ತೂಕದ ಲೆಕ್ಕ, ಹಾಗಾಗಿ ಮಗು ಬೆಳೆದಂತೆ ಬಿಲ್ಲೂ ಬೆಳೆಯುತ್ತದೆ!

ನಮ್ಮ ಭಾವನಿಗೂ ಪಿಟ್ಯುಟರಿ (ಈ ಹಾರ್ಮೋನ್ ಮಾಡುವ, ಮೆದುಳಿನ ಬುಡದ ಗ್ರಂಥಿ) ಆಪರೇಷನ್ ಆದಮೇಲೆ ಇದೇ ಹಾರ್ಮೋನ್ ಕೊಡುತ್ತಿದ್ದಾರೆ, ಡೋಸ್ ಕಡಿಮೆ. ದೊಡ್ಡವರಿಗೆ ಎತ್ತರಕ್ಕಲ್ಲ, ಸ್ನಾಯು, ಮೂಳೆ, ಸುಸ್ತಿಗೆ. ಜಿಮ್ಮಿನ ಹುಡುಗರು ಅವರ ಹತ್ತಿರ "ಎಲ್ಲಿ ಸಿಗುತ್ತೆ?" ಅಂತ ಕೇಳುತ್ತಾರಂತೆ. ಇದು ಅವರಿಗಲ್ಲ.

ಹೋದ ಸಲದ ಎಕ್ಸ್-ರೇಯಲ್ಲಿ ಮಗಳ ಮೂಳೆ ತುದಿಯ ಬೆಳೆಯುವ ಪಟ್ಟಿ ಇನ್ನೂ ತೆರೆದೇ ಇತ್ತು. ಅದು ಮುಚ್ಚಿದ ಮೇಲೆ ಎಷ್ಟು ಚುಚ್ಚಿದರೂ ಎತ್ತರ ಸಿಗುವುದಿಲ್ಲ. ಅಲ್ಲಿವರೆಗೆ ಮುಂದುವರಿಸುತ್ತೇವೆ.