254 ಕೌಂಟಿಗಳು ಮತ್ತು ಒಂದು ನಾಣ್ಯ: ಟೆಕ್ಸಾಸ್‌ನ ಸ್ಕ್ರ್ಯಾಚ್ ನಕ್ಷೆಯ ವಿಮರ್ಶೆ

ಹದಿನಾಲ್ಕು ತಿಂಗಳ ಹಿಂದೆ, ಮೂವತ್ತು ಡಾಲರಿಗೆ ತುಸು ಕಡಿಮೆ ಬೆಲೆಯಲ್ಲಿ, ಟೆಕ್ಸಾಸ್ ರಾಜ್ಯದ ಕೌಂಟಿಗಳನ್ನು ತೋರಿಸುವ ಸ್ಕ್ರ್ಯಾಚ್ ನಕ್ಷೆಯೊಂದನ್ನು ತರಿಸಿಕೊಂಡೆವು. ಹಿಂದೆ ಮೊಬೈಲ್ ರೀಚಾರ್ಜ್ ಕಾರ್ಡಿನ ಬೂದು ಪಟ್ಟಿಯನ್ನು ನಾಣ್ಯದಿಂದ ಕೆರೆದು ನಂಬರ್ ಓದುತ್ತಿದ್ದೆವಲ್ಲ, ಇದೂ ಅದೇ ಬಗೆಯದು. ಎರಡು ಅಡಿ ಅಗಲ, ಎರಡು ಅಡಿ ಎತ್ತರದ ದಪ್ಪ ಹಾಳೆಯ ಮೇಲೆ ಚಿನ್ನದ ಬಣ್ಣದ ತೆಳು ಲೇಪವಿದ್ದು, ಹೋಗಿ ಬಂದ ಕೌಂಟಿಯ ಮೇಲಿನ ಲೇಪವನ್ನು ಕೆರೆದರೆ ಅಡಿಯಿಂದ ಬಣ್ಣವೂ ಹೆಸರೂ ಕಾಣಿಸುತ್ತವೆ. ಡಲ್ಲಾಸ್‌ಗೆ ಉತ್ತರದ ಕಾಲಿನ್ ಕೌಂಟಿಯಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಎದುರಿಗೆ ಅದು ತೂಗುತ್ತಿದೆ. ಈವರೆಗೆ 61 ಕೌಂಟಿಗಳನ್ನು ಕೆರೆದಿದ್ದೇವೆ. ಇನ್ನು 193 ಬಾಕಿ.

ಕೌಂಟಿ ಎಂದರೆ ಜಿಲ್ಲೆಯೋ ತಾಲ್ಲೂಕೋ ಎಂದು ಊರಿನವರು ಕೇಳುತ್ತಿರುತ್ತಾರೆ. ವಿಸ್ತೀರ್ಣದ ಲೆಕ್ಕದಲ್ಲಿ ಅದು ಎರಡರ ನಡುವಿನದು. ಕರ್ನಾಟಕದ ಮೂರೂವರೆ ಪಟ್ಟಿಗಿಂತ ದೊಡ್ಡದಾದ ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿದ್ದು, ಅಮೆರಿಕದ ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಐಯೊವಾದ ಸೆನೆಟರ್ ಚಕ್ ಗ್ರಾಸ್ಲಿ ತಮ್ಮ ರಾಜ್ಯದ 99 ಕೌಂಟಿಗಳನ್ನು ಪ್ರತಿವರ್ಷವೂ ಸುತ್ತುವುದಕ್ಕೆ ಹೆಸರಾದವರು. ಟೆಕ್ಸಾಸ್‌ನಲ್ಲಿ ಉದ್ಯೋಗಸ್ಥ ಕುಟುಂಬವೊಂದಕ್ಕೆ ಅಂತಹ ಸುತ್ತು ವರ್ಷದ ಮಾತಲ್ಲ, ದಶಕದ ಮಾತು. ಆದ್ದರಿಂದ ಗೋಡೆಯ ಮೇಲೆ ಅಷ್ಟು ಕಾಲ ಬಾಳುವ ನಕ್ಷೆಯೇ ಬೇಕು, ಮತ್ತು ಅದನ್ನು ಪರೀಕ್ಷಿಸಬೇಕಾದದ್ದೂ ಆ ದೃಷ್ಟಿಯಿಂದಲೇ.

ಲೇಪದ ಗುಣಮಟ್ಟ ಎಲ್ಲೆಡೆ ಒಂದೇ ಆಗಿಲ್ಲ. ಉತ್ತರದ ಪ್ಯಾನ್‌ಹ್ಯಾಂಡಲ್ ಭಾಗದಲ್ಲಿ ಅದು ಸಲೀಸಾಗಿ ಏಳುತ್ತದೆ. ಅಲ್ಲಿನ ಕೌಂಟಿಗಳು ಚೌಕಾಬಾರದ ಮನೆಗಳಂತೆ ಸಾಲಾಗಿ, ಸಮನಾಗಿ ಇರುವುದರಿಂದ ಕೆರೆಯುವುದೇ ಒಂದು ಸುಖ. ಆ ಚೌಕಗಳ ಹಿಂದೆ ಕಾನೂನಿದೆ. ಅದುವರೆಗೆ ಯಾವ ಕೌಂಟಿಗೂ ಸೇರಿರದ ಪ್ರದೇಶದಲ್ಲಿ ಹೊಸದಾಗಿ ರಚಿಸುವ ಕೌಂಟಿ ಚೌಕಾಕಾರದಲ್ಲಿರಬೇಕು, 900 ಚದರ ಮೈಲಿಗಿಂತ ಕಡಿಮೆ ಇರಕೂಡದು ಎಂದು 1876ರ ರಾಜ್ಯ ಸಂವಿಧಾನ ವಿಧಿಸಿತು. ಅಂದರೆ ಮೂವತ್ತು ಮೈಲಿಗೆ ಮೂವತ್ತು ಮೈಲಿ. ಪೂರ್ವದ ಹಳೆಯ ಕೌಂಟಿಗಳ ಕಥೆಯೇ ಬೇರೆ. ಅವುಗಳ ಗಡಿ ಸಬೀನ್, ಟ್ರಿನಿಟಿ ಮುಂತಾದ ನದಿಗಳ ಜೊತೆ ಸೊಟ್ಟಸೊಟ್ಟವಾಗಿ ಹರಿಯುತ್ತದೆ, ನಾಣ್ಯದ ಅಂಚು ಅದನ್ನು ಅನುಸರಿಸಲಾರದು. ನಕ್ಷೆಯ ಜೊತೆ ಕೊಟ್ಟಿರುವ ತ್ರಿಕೋನಾಕಾರದ ಪ್ಲಾಸ್ಟಿಕ್ ಚೂರು ಎರಡನೆಯ ವಾರಕ್ಕೇ ಮೊಂಡಾಯಿತು. ಈಗ ನಾವು ಬಳಸುತ್ತಿರುವುದು ಹಲ್ಲುಕಡ್ಡಿ.

ಮನೆಯಿಂದ ಕೂಗಳತೆಯಲ್ಲಿರುವ ರಾಕ್‌ವಾಲ್ ಕೌಂಟಿ 1873ರಲ್ಲಿ, ಅಂದರೆ ಆ ನಿಯಮಕ್ಕಿಂತ ಮುಂಚೆ, ಹುಟ್ಟಿದ್ದರಿಂದ 149 ಚದರ ಮೈಲಿಗಳಲ್ಲೇ ಮುಗಿದುಹೋಗಿದೆ. ರಾಜ್ಯದಲ್ಲಿ ಅದಕ್ಕಿಂತ ಚಿಕ್ಕದಿಲ್ಲ. ನೈಋತ್ಯದ ಬ್ರೂಸ್ಟರ್ ಕೌಂಟಿಯದು ಸುಮಾರು 6,190 ಚದರ ಮೈಲಿ. ಒಂದೇ ಹಾಳೆಯ ಮೇಲೆ ಎರಡೂ ಕೂರಬೇಕಾದಾಗ ಬ್ರೂಸ್ಟರ್ ಅಂಗೈಯ ಅರ್ಧಭಾಗವನ್ನು ತುಂಬುತ್ತದೆ, ರಾಕ್‌ವಾಲ್ ಕಿರುಬೆರಳಿನ ಉಗುರಿನಷ್ಟಾಗುತ್ತದೆ. ಆ ಉಗುರಿನ ಮೇಲೆ ಮುದ್ರಿಸಿರುವ ಹೆಸರನ್ನು ಓದಲು ನನಗಂತೂ ಭೂತಗನ್ನಡಿ ಬೇಕಾಯಿತು. ಇದು ತಯಾರಕರ ತಪ್ಪೆನ್ನಲಾಗದು, ಆದರೆ ಡಲ್ಲಾಸ್ ಸುತ್ತಲಿನ ಭಾಗವನ್ನು ಮೂಲೆಯಲ್ಲಿ ದೊಡ್ಡದಾಗಿ ಪ್ರತ್ಯೇಕವಾಗಿ ಮುದ್ರಿಸಬಹುದಾಗಿತ್ತು. ಮೆಕ್ಸಿಕೊ ಕೊಲ್ಲಿಯ ಜಾಗದಲ್ಲಿ ಬಿಡಿಸಿರುವ ಹಡಗು ಮತ್ತು ದಿಕ್ಸೂಚಿಗಳಿಂದ ಯಾರಿಗೂ ಉಪಯೋಗವಿಲ್ಲ.

ನಿಜವಾದ ಕೊರತೆಯೆಂದರೆ ಇದರಲ್ಲಿ ಕೌಂಟಿಯ ಮುಖ್ಯ ಪಟ್ಟಣಗಳ ಗುರುತೇ ಇಲ್ಲ. ಏನಾದರೆ ಹೋದಂತೆ ಎಂಬ ವಿಷಯದಲ್ಲಿ ಈ ಹವ್ಯಾಸದವರು ಒಮ್ಮತಕ್ಕೆ ಬರುವುದಿಲ್ಲ. ಕಾರಿನ ಚಕ್ರ ಗಡಿ ದಾಟಿದರೆ ಸಾಕು ಎನ್ನುವವರಿದ್ದಾರೆ, ಕಾಲು ನೆಲಕ್ಕೆ ತಾಗಬೇಕು ಎನ್ನುವವರೂ ಇದ್ದಾರೆ. ಮುಖ್ಯ ಪಟ್ಟಣದ ಕೋರ್ಟ್‌ಹೌಸ್ ಎದುರು ಇಳಿದು ನಿಂತ ಮೇಲೆಯೇ ಕೆರೆಯಬೇಕೆಂಬುದು ನಮ್ಮ ಮನೆಯ ನಿಯಮ. ಟೆಕ್ಸಾಸ್‌ನಲ್ಲಿ ಈ ನಿಯಮಕ್ಕೆ ಅರ್ಥವಿದೆ. ಹಳೆಯ ಪಟ್ಟಣಗಳಲ್ಲಿ ನಡುವೆ ಕೋರ್ಟ್‌ಹೌಸ್ ಇದ್ದು, ನಮ್ಮ ಕಡೆ ತೇರುಬೀದಿಯು ದೇವಸ್ಥಾನವನ್ನು ಬಳಸಿದಂತೆ ನಾಲ್ಕೂ ಕಡೆ ಅಂಗಡಿ ಸಾಲುಗಳು ಅದನ್ನು ಬಳಸಿರುತ್ತವೆ. ವ್ಯಾಕ್ಸಹ್ಯಾಚಿಯಲ್ಲಿರುವ ಎಲ್ಲಿಸ್ ಕೌಂಟಿಯ ಕೋರ್ಟ್‌ಹೌಸ್, 1890ರ ದಶಕದಲ್ಲಿ ಕೆಂಪು ಮರಳುಗಲ್ಲು ಮತ್ತು ಗ್ರಾನೈಟಿನಲ್ಲಿ ಕಟ್ಟಿದ್ದು, ಅದೊಂದಕ್ಕಾಗಿಯೇ ಹೋಗಬಹುದಾದಷ್ಟು ಚೆನ್ನಾಗಿದೆ. ಅಲ್ಲಿನ ಕಂಬಗಳ ಮೇಲೆ ಕೆತ್ತಿರುವ ಮುಖಗಳನ್ನು ನೋಡುತ್ತಾ ನಾವು ಮಧ್ಯಾಹ್ನದ ಊಟ ಮರೆತೆವು. ಅಂತಹ ಊರಿನ ಹೆಸರನ್ನೇ ಬಿಟ್ಟಿರುವ, ರಸ್ತೆಯೊಂದನ್ನೂ ತೋರಿಸದ ನಕ್ಷೆಯಿಂದ ಪ್ರವಾಸದ ಯೋಜನೆ ಮಾಡಲಾಗುವುದಿಲ್ಲ. ಅದಕ್ಕೆ ರಾಜ್ಯ ಸಾರಿಗೆ ಇಲಾಖೆಯವರು ಉಚಿತವಾಗಿ ಕೊಡುವ ರಸ್ತೆ ನಕ್ಷೆಯನ್ನೇ ಆಶ್ರಯಿಸಬೇಕು.

ಇಷ್ಟು ದೂರಿದ ಮೇಲೂ ಫೋನಿನ ಆ್ಯಪ್‌ಗಿಂತ ಇದೇ ಮೇಲೆಂದು ನಾನು ಹೇಳುವುದಕ್ಕೆ ಕಾರಣ, ಕೆರೆದದ್ದನ್ನು ಮತ್ತೆ ಮುಚ್ಚಲಾಗುವುದಿಲ್ಲ ಎಂಬುದು. ಕಳೆದ ನವೆಂಬರಿನಲ್ಲಿ ನ್ಯೂ ಮೆಕ್ಸಿಕೊ ಗಡಿಯ ಲವಿಂಗ್ ಕೌಂಟಿಗೆ ಹೋಗಿದ್ದೆವು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64. ಒಮ್ಮೆ ಸ್ಥಾಪನೆಯಾಗಿ, 1897ರಲ್ಲಿ ರದ್ದಾಗಿ, 1931ರಲ್ಲಿ ಮತ್ತೆ ಸ್ಥಾಪನೆಯಾದ ಕೌಂಟಿಯದು. ಇರುವ ಒಂದೇ ಊರಾದ ಮೆಂಟೋನಿನ ಸಣ್ಣ ಕೋರ್ಟ್‌ಹೌಸಿನ ಮುಂದೆ ನಿಂತ ಹತ್ತು ನಿಮಿಷದಲ್ಲಿ ತೈಲಬಾವಿಗಳ ಕಡೆ ಹೋಗುವ ಲಾರಿಗಳೇ ಕಂಡವು, ನಡೆಯುವ ಮನುಷ್ಯ ಒಬ್ಬನೂ ಕಾಣಲಿಲ್ಲ. ಮನೆಗೆ ಬಂದು ಕೆರೆಯುವಾಗ ಲೇಪ ಪದರದಂತೆ ಎದ್ದು, ಪಕ್ಕದ ವಿಂಕ್ಲರ್ ಕೌಂಟಿಯ ಅರ್ಧವನ್ನೂ ಕಿತ್ತುಕೊಂಡು ಬಂತು. ‘ಅಪ್ಪಾ, ಅಲ್ಲಿಗೆ ನಾವು ಹೋಗೇ ಇಲ್ಲ, ಇದು ಮೋಸ’ ಎಂದು ಎಂಟು ವರ್ಷದ ಮಗಳು ಪಟ್ಟು ಹಿಡಿದಳು. ಆ್ಯಪ್ ಆಗಿದ್ದರೆ ಒಂದು ಸಲ ಒತ್ತಿ ಅಳಿಸಿಬಿಡುತ್ತಿದ್ದೆ. ಇಲ್ಲಿ ಅದಾಗದೆ, ಮಾರ್ಚ್ ತಿಂಗಳ ಶಾಲಾ ರಜೆಯಲ್ಲಿ ಹಗಲಿಡೀ ಕಾರು ಓಡಿಸಿ ವಿಂಕ್ಲರ್‌ನ ಕೆರ್ಮಿಟ್ ಪಟ್ಟಣಕ್ಕೆ ಹೋಗಿ, ಅಲ್ಲಿನ ಕೋರ್ಟ್‌ಹೌಸ್ ಎದುರು ನಿಂತು, ಮರಳಿ ಬಂದು ಉಳಿದ ಅರ್ಧವನ್ನು ಕೆರೆದೆವು.

ಕೊಳ್ಳುವವರಿಗೆ ಎರಡು ಸೂಚನೆಗಳಿವೆ. ಕೆರೆಯುವ ಮೊದಲು ಗಡಿಯ ಉದ್ದಕ್ಕೂ ಹಲ್ಲುಕಡ್ಡಿಯಿಂದ ಗೆರೆ ಎಳೆದುಕೊಂಡರೆ ಪಕ್ಕದ ಕೌಂಟಿ ಉಳಿಯುತ್ತದೆ. ಗಾಜಿನ ಚೌಕಟ್ಟು ಹಾಕಿಸಬೇಡಿ, ಪ್ರತಿ ಪ್ರವಾಸದ ನಂತರ ಅದನ್ನು ಬಿಚ್ಚುವ ಕೆಲಸ ಬೀಳುತ್ತದೆ. ನಾಲ್ಕು ಮೂಲೆಗೆ ಕ್ಲಿಪ್ ಸಾಕು, ಉದುರುವ ಚಿನ್ನದ ಪುಡಿಗೆ ಕೆಳಗೊಂದು ಹಳೆಯ ಪತ್ರಿಕೆ ಹಾಸಿರಿ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ.