ಆಗ್ನೇಯ ಏಷ್ಯಾ ತಿಳಿಯೋಕೆ ಒಂದು ದಪ್ಪ ಪುಸ್ತಕ
ಚಿತ್ರದುರ್ಗದ ಹಳೇ ಪುಸ್ತಕದಂಗಡಿಯಲ್ಲಿ ಆಗ್ನೇಯ ಏಷ್ಯಾದ ಇತಿಹಾಸ, ಸಂಸ್ಕೃತಿಯ ಆಕರ ಗ್ರಂಥ ಸಿಕ್ಕಿತು. 600 ರೂಪಾಯಿ. ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಕಾಂಬೋಡಿಯಾದ ಹಳೇ ರಾಜಧಾನಿ ಅಂಕೋರ್ ಬಗೆಗಿನ ಪುಟಗಳಂತೂ ಬಲು ಚೆಂದ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗೆ ಕಟ್ಟಿಸಿದ ದೇವಸ್ಥಾನ ಬಹಳ ಜನರಿಗೆ ಗೊತ್ತು. ನನ್ನ ಕಣ್ಣು ನಿಂತಿದ್ದು ಅಲ್ಲಿನ ಪಶ್ಚಿಮ ಬರಾಯ್ ಕೆರೆಯ ನಕ್ಷೆ ಮೇಲೆ. ಸುಮಾರು 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ! ಸುತ್ತಲೂ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಕೋಟೆಯ ಅಕ್ಕ-ತಂಗಿ ಹೊಂಡ ನೋಡುತ್ತಾ ಬೆಳೆದ ನಮಗೆ ಈ ಜಾಣ್ಮೆ ಬೇಗ ಅರ್ಥವಾಗುತ್ತೆ, ಅಲ್ವಾ? ಇಂಡೋನೇಷ್ಯಾದ ಬೌದ್ಧ ಸ್ತೂಪ ಬೊರೊಬುದುರ್‌ನ ಕೆತ್ತನೆಯ ಚಿತ್ರಗಳು ತೀರಾ ಚಿಕ್ಕವು. ಫಿಲಿಪ್ಪೀನ್ಸ್‌ಗೆ ಜಾಗ ಸಾಲದು. ಕೊನೆಯ ಪದಸೂಚಿ ಮಾತ್ರ ಅಚ್ಚುಕಟ್ಟು: ಊರು, ರಾಜ, ಹಬ್ಬ, ಏನು ಹುಡುಕಿದರೂ ತಕ್ಷಣ ಪುಟ ಸಿಗುತ್ತೆ. ಪಿಯುಸಿ, ಡಿಗ್ರಿ ಓದುವ ಮಕ್ಕಳಿದ್ದರೆ ಧೈರ್ಯವಾಗಿ ಕೊಳ್ಳಿ.