ಮಿಕ್ಸಿ ಸಾಕಾ, ಗ್ರೈಂಡರ್ ಬೇಕಾ? 2 ಲೀಟರ್ ಟೇಬಲ್‌ಟಾಪ್ ಗ್ರೈಂಡರ್ ವಿಮರ್ಶೆ

ವಾರಕ್ಕೆರಡು ಸಲ ಇಡ್ಲಿ-ದೋಸೆ ಆಗುವ ನಾಲ್ಕು ಜನರ ಮನೆಗೆ 2 ಲೀಟರಿನದು ಧಾರಾಳ. ಚಟ್ನಿಗೆ ಮಿಕ್ಸಿಯೇ ಸರಿ, ಅದಕ್ಕೆಲ್ಲ ಇದನ್ನು ಎಳೆದುಕೊಂಡು ಕೂರಬೇಡಿ.

ಇದರ ಬೆಲೆ ಗೊತ್ತಾಗುವುದು ಉದ್ದಿನಬೇಳೆಯಲ್ಲಿ. ಮಿಕ್ಸಿಯಲ್ಲಿ ಹಿಟ್ಟು ಬಿಸಿಯಾಗುತ್ತದೆ, ಅಷ್ಟು ಉಬ್ಬುವುದಿಲ್ಲ. ಇಲ್ಲಿ ಕಲ್ಲು ನಿಧಾನ ತಿರುಗುವುದರಿಂದ ಗಾಳಿ ಸೇರಿ ಹಿಟ್ಟು ಹಗುರಾಗುತ್ತದೆ. 1 ಲೋಟ ಬೇಳೆ, 3 ಲೋಟ ಇಡ್ಲಿ ಅಕ್ಕಿ. ಬೇಳೆ ನಾಲ್ಕು ಗಂಟೆ ನೆನೆದರೆ ಸಾಕು. ಮೊದಲು ಕಲ್ಲು ತಿರುಗಿಸಿ, ಆಮೇಲೆ ಬೇಳೆ ಹಾಕಿ, ತಣ್ಣೀರು ಚಿಮುಕಿಸುತ್ತಾ 25–30 ನಿಮಿಷ ರುಬ್ಬಿ. ಒಂದು ಚಿಟಿಕೆ ಹಿಟ್ಟು ನೀರಿಗೆ ಬಿಟ್ಟಾಗ ತೇಲಿದರೆ ಹದ ಬಂತು. ಒಂದೇ ಸಲ ನೀರು ಸುರಿದರೆ ಬೇಳೆ ಕಲ್ಲಿಗೆ ಸಿಗದೆ ಜಾರಿ ತರಿ ಉಳಿಯುತ್ತದೆ. ಅಕ್ಕಿಯನ್ನು ಬೇರೆಯಾಗಿ, ಸಣ್ಣ ರವೆಯ ಹದಕ್ಕೆ ರುಬ್ಬಿ.

ತೊಳೆಯುವುದೇ ರಗಳೆ. ಕಲ್ಲು ತೂಕ, ಅದರ ನಡುವಿನ ತೂತಿನಲ್ಲಿ ಹಿಟ್ಟು ಒಣಗಿದರೆ ಹುಳಿ ವಾಸನೆ. ಹಿಟ್ಟು ತೆಗೆದ ಕೂಡಲೇ ನೀರು ಹಾಕಿ ಒಂದು ನಿಮಿಷ ತಿರುಗಿಸಿಬಿಡಿ. ಹೊಸದರಲ್ಲಿ ಒಂದು ಹಿಡಿ ಅಕ್ಕಿ ರುಬ್ಬಿ ಚೆಲ್ಲಿ, ಕಲ್ಲಿನ ಪುಡಿ ಹೋಗುತ್ತದೆ. ಮೋಟಾರ್ ಸದ್ದು ಮಾಡಿಯೂ ಪಾತ್ರೆ ನಿಂತರೆ ಸಾಮಾನ್ಯವಾಗಿ ಬೆಲ್ಟ್ ಸಡಿಲವಾಗಿರುತ್ತದೆ. ಬೆಲ್ಟ್ ಊರಲ್ಲೇ ಸಿಗುತ್ತದಾ ಎಂದು ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ.